ಕೆರೆಯ ನೀರು, ಭಾನುವಾರದ ಸೂರ್ಯ

“ಏನ್ರೀ, ಭಾನುವಾರಾನೂ ಇಷ್ಟು ಹೊತ್ತಿಗೇ ಎಲ್ಲಿಗೆ ಹೊರಟ್ರಿ?”

ಎದುರು ಮನೆಯಾಕೆ ಬಾಗಿಲಿಗೆ ನೀರು ಹಾಕುತ್ತಾ ಕೇಳಿದರು. “ಸೂರ್ಯನ ಫೋಟೋ ತೆಗೆಯೋಕೆ” ಎಂದೆ. ಆಕೆ ಚೊಂಬನ್ನು ಹಾಗೇ ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದಿನಾ ಹುಟ್ಟುವ ಸೂರ್ಯನಿಗೆ ಫೋಟೋ ಯಾತಕ್ಕೆ ಎನ್ನುವುದು ಅವರ ಮುಖದಲ್ಲೇ ಬರೆದಿತ್ತು. ಅವರನ್ನು ದೂರಿ ಫಲವಿಲ್ಲ. ಎರಡು ವರ್ಷದ ಹಿಂದೆ ನಾನಾದರೂ ಹಾಗೆಯೇ ನೋಡುತ್ತಿದ್ದೆ.

ನಮ್ಮ ಮನೆ ಇರುವುದು ಬೆಂಗಳೂರಿನ ಲಗ್ಗೆರೆಯಲ್ಲಿ. ನಮ್ಮವರು ಪಕ್ಕದ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದಲ್ಲಿದ್ದಾರೆ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಬಾಗಿಲು ಪೂರ್ವಕ್ಕೇ ಇರಬೇಕೆಂದು ಹಟ ಹಿಡಿದು ಇಡಿಸಿದೆವು. ಆಮೇಲೆ ಎದುರಿಗೆ ಮೂರಂತಸ್ತಿನ ಮನೆ ಎದ್ದಿತು. ಈಗ ಹೊಸ್ತಿಲಿಗೆ ಬಿಸಿಲು ಬರುವಾಗ ಒಂಬತ್ತೂವರೆ ಆಗಿರುತ್ತದೆ. “ಪೂರ್ವಕ್ಕೆ ಬಾಗಿಲೈತೆ, ಪೂರ್ವಾನೇ ಇಲ್ಲ” ಎಂದು ನಮ್ಮ ಅತ್ತೆ ನಗುತ್ತಾರೆ.

ಅತ್ತೆಯವರದು ಕುಣಿಗಲ್ ಕಡೆ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೂ ಮೊದಲಿನಂತೆ ನಡೆಯಲಾಗಲಿಲ್ಲ. ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಹಾಸಿಗೆ, ಇಷ್ಟೇ ಅವರ ಪ್ರಪಂಚ. ಅವರ ಆರೈಕೆ, ಅಡಿಗೆ, ಮಗಳ ಕಾಲೇಜು, ಯಜಮಾನರ ಪಾಳಿ, ಇವೆಲ್ಲದರ ನಡುವೆ ನನಗೆಂದು ಒಂದು ಗಳಿಗೆಯೂ ಇರಲಿಲ್ಲ.

ಒಂದು ಭಾನುವಾರ ಮಗಳನ್ನು ಮಲ್ಲೇಶ್ವರದ ಕಡೆ ಪರೀಕ್ಷೆಗೆ ಬಿಡಬೇಕಾಗಿತ್ತು. ಬೇಗ ತಲುಪಿದ್ದರಿಂದ ಇಬ್ಬರೂ ಸ್ಯಾಂಕಿ ಕೆರೆಯ ದಂಡೆಯಲ್ಲಿ ನಿಂತೆವು. ನೀರು ಕದಲದೆ ನಿಂತಿತ್ತು. ಆಚೆ ದಡದ ಮರಗಳ ಹಿಂದೆ ಆಕಾಶ ಕುಂಕುಮ ಕಲಸಿದ ಹಾಗೆ ಆಗಿತ್ತು, ನೀರಿನಲ್ಲೂ ಅದೇ ಬಣ್ಣ. ಮಗಳ ಹಳೆಯ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಮನೆಗೆ ಬಂದು ಅತ್ತೆಗೆ ತೋರಿಸಿದರೆ ಬಹಳ ಹೊತ್ತು ಕೈಯಿಂದ ಕೆಳಗಿಡಲಿಲ್ಲ. “ಇದ್ಯಾವ ಕೆರೆನಮ್ಮ? ನಮ್ಮ ಕುಣಿಗಲ್ ಕೆರೆ ಏರಿ ಮೇಲೆ ನಿಂತಂಗೈತೆ” ಎಂದರು. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಆ ಕೆರೆಯನ್ನು ನೋಡುತ್ತಲೇ ಅವರು ಬೆಳೆದದ್ದು. ಅಂದಿನಿಂದ ಪ್ರತಿ ಭಾನುವಾರ ನನ್ನ ಸವಾರಿ ಸ್ಕೂಟರಿನ ಮೇಲೆ ಸ್ಯಾಂಕಿ ಕೆರೆಗೆ.

ಗಂಧದಕೋಠಿ ಕೆರೆ

ಈ ಕೆರೆ ಕಟ್ಟಿದ್ದು 1882ರಲ್ಲಿ, ಕರ್ನಲ್ ರಿಚರ್ಡ್ ಸ್ಯಾಂಕಿ ಎಂಬ ಇಂಜಿನಿಯರ್. ಊರಿಗೆ ನೀರಿನ ಆಸರೆಯಾಗಲಿ ಎಂದು ಕಟ್ಟಿಸಿದ ಕೆರೆ ಇದು. ದಡದಲ್ಲಿ ಸರ್ಕಾರದ ಗಂಧದ ಮರದ ಕೋಠಿ ಇದ್ದುದರಿಂದ ಹಿಂದಿನವರು ಗಂಧದಕೋಠಿ ಕೆರೆ ಎನ್ನುತ್ತಿದ್ದರು.

ಇಲ್ಲಿಗೆ ಹತ್ತಿರದಲ್ಲೇ ಸರ್ ಸಿ. ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯವಿದೆ. 1921ರಲ್ಲಿ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಕಂಡು, ಇದು ಬರೀ ಆಕಾಶದ ನೆರಳಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂದು ಕಂಡುಕೊಂಡವರು ಅವರು. ಆ ದಾರಿಯಲ್ಲೇ ಮುಂದೆ ಹೋಗಿ 1930ರಲ್ಲಿ ನೊಬೆಲ್ ಬಹುಮಾನ ಪಡೆದರು. ಬೆಳಗಿನ ಕೆಂಪಿಗೂ ಬೆಳಕು ಚದುರುವುದೇ ಕಾರಣ. ಸೂರ್ಯ ಕೆಳಗಿರುವಾಗ ಅವನ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಕಿತ್ತಳೆ ಉಳಿದು ನಮ್ಮ ಕಣ್ಣಿಗೆ ಬರುತ್ತವೆ.

ನಾನು ತಪ್ಪು ಮಾಡಿ ಕಲಿತದ್ದು

ಸೂರ್ಯೋದಯಕ್ಕೆ ಸರಿಯಾಗಿ ಹೋದರೆ ಅರ್ಧ ಚೆಲುವು ಕಳೆದುಕೊಂಡಂತೆ. ಬಣ್ಣ ತುಂಬುವುದು ಅದಕ್ಕೂ ಇಪ್ಪತ್ತು, ಇಪ್ಪತ್ತೈದು ನಿಮಿಷ ಮುಂಚೆ. ಬೆಂಗಳೂರಿನಲ್ಲಿ ಮೇ ಕೊನೆಗೆ ಸೂರ್ಯ ಸುಮಾರು 5.55ಕ್ಕೇ ಹುಟ್ಟುತ್ತಾನೆ, ಜನವರಿ ಕೊನೆಗೆ ಸುಮಾರು 6.45ಕ್ಕೆ. ಚಳಿಗಾಲದಲ್ಲಿ ಹೊರಡುವುದೇ ಸುಲಭ, ಒಂದು ಒಲೆ ಕೆಲಸ ಮುಗಿಸಿ ಹೋಗಬಹುದು. ನವೆಂಬರಿನಿಂದ ಜನವರಿಯವರೆಗೆ ಇನ್ನೊಂದು ಸೊಗಸಿದೆ. ಗಾಳಿ ತಣ್ಣಗಾಗಿ, ನೀರಿನಲ್ಲಿ ಹಿಂದಿನ ದಿನದ ಶಾಖ ಉಳಿದಿದ್ದರೆ ಕೆರೆಯ ಮೇಲೆ ಹಂಡೆಯ ನೀರಿನಂತೆ ಆವಿ ಏಳುತ್ತದೆ.

ನಿಲ್ಲಬೇಕಾದ್ದು ಕೆರೆಯ ಪಶ್ಚಿಮ ದಡದಲ್ಲಿ. ಆಗ ಸೂರ್ಯನೂ ನೀರೂ ಎದುರಿಗೆ ಬರುತ್ತವೆ. ಗಾಳಿ ಏಳುವ ಮುಂಚೆ ತೆಗೆದರೆ ನೀರು ಕನ್ನಡಿಯಾಗಿರುತ್ತದೆ.

ಕ್ಯಾಮೆರಾ ಕಾಲುಮಣೆಗೆ ನಾನು ದುಡ್ಡು ಹಾಕಲಿಲ್ಲ. ಹಳೆಯ ರವಿಕೆ ಬಟ್ಟೆಯಲ್ಲಿ ಒಂದು ಗೇಣಿನ ಚೀಲ ಹೊಲಿದು, ಅರ್ಧ ಕೆ.ಜಿ. ನುಚ್ಚಕ್ಕಿ ತುಂಬಿದೆ. ಕಟ್ಟೆಯ ಮೇಲೆ ಅದನ್ನಿಟ್ಟು ನಡುವೆ ಮೊಬೈಲನ್ನು ಒತ್ತಿ ಕೂರಿಸಿದರೆ ಅಲುಗುವುದಿಲ್ಲ. ಬೆರಳಿನಿಂದ ಒತ್ತುವಾಗಲೂ ಚಿತ್ರ ನಡುಗುತ್ತದೆ, ಆದ್ದರಿಂದ ಎರಡೋ ಮೂರೋ ಸೆಕೆಂಡಿನ ಟೈಮರ್ ಇಡಿ. ಅಡಿಗೆಮನೆಯ ಜಿಡ್ಡು ಕೈ ಲೆನ್ಸಿಗೆ ತಗಲಿದ್ದರೆ ಸೂರ್ಯ ಹರಡಿಹೋಗುತ್ತಾನೆ. ಮೆತ್ತನೆಯ ಮಲ್ಲು ಬಟ್ಟೆಯಲ್ಲಿ ಮೊದಲು ಒರೆಸಿಕೊಳ್ಳಿ. ಪರದೆಯ ಮೇಲೆ ಆಕಾಶದ ಬೆಳಕಿರುವ ಜಾಗವನ್ನು ಮುಟ್ಟಿ, ಬೆಳಕನ್ನು ಸ್ವಲ್ಪ ಇಳಿಸಿ. ಬಣ್ಣ ಉಳಿಯುತ್ತದೆ, ಮರಗಳು ಕಪ್ಪು ಚಿತ್ತಾರದಂತೆ ನಿಲ್ಲುತ್ತವೆ. ನೀರಿನ ಗೆರೆ ಓರೆಯಾಗದಂತೆ ನೋಡಿಕೊಳ್ಳಿ. ಸೂರ್ಯ ಮೇಲೆ ಬಂದು ಪ್ರಖರವಾದ ಮೇಲೆ ಅವನನ್ನು ದಿಟ್ಟಿಸಬಾರದು. ಕ್ಯಾಮೆರಾದ ಕಿಂಡಿಯಿಂದ ನೋಡುವುದಂತೂ ಕಣ್ಣಿಗೆ ಅಪಾಯ.

ಅತ್ತೆ ಕಲಿಸಿದ ಪಾಠ

ಮೂರು ನಾಲ್ಕು ತಿಂಗಳಾದ ಮೇಲೆ ಅತ್ತೆ ಒಂದು ದಿನ, “ನೋಡಮ್ಮ, ಮೊದಲನೇ ಫೋಟೋದಲ್ಲಿ ಈ ಎತ್ತರದ ಮರದ ಎಡಕ್ಕಿದ್ದ, ಈಗ ಬಲಕ್ಕೆ ಬಂದವ್ನೆ” ಎಂದರು. ನಾನು ಅಷ್ಟು ದಿನ ಹೋಗಿ ಬಂದವಳು, ನನಗೇ ಕಂಡಿರಲಿಲ್ಲ! ಊರಿನಲ್ಲಿ ಏರಿ ಮೇಲೆ ನಿಂತು, ಸೂರ್ಯ ಯಾವ ಮರದ ಹತ್ತಿರ ಹುಟ್ಟಿದ ಎಂಬುದರ ಮೇಲೆ ಅವರ ತಂದೆ ಕಾಲ ಹೇಳುತ್ತಿದ್ದರಂತೆ.

ಪೂರ್ವದಲ್ಲಿ ಸೂರ್ಯ ಹುಟ್ಟುತ್ತಾನೆ ಎಂದು ನಾವು ಶಾಲೆಯಲ್ಲಿ ಓದಿದ್ದೇವಲ್ಲ, ನಿಖರವಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ 20ರ ಆಸುಪಾಸಿನಲ್ಲಿ ಮಾತ್ರ. ಜೂನ್‌ನಲ್ಲಿ ಎಡಕ್ಕೆ, ಎಂದರೆ ಉತ್ತರಕ್ಕೆ ಸರಿದಿರುತ್ತಾನೆ, ಡಿಸೆಂಬರಿನಲ್ಲಿ ಬಲಕ್ಕೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದು ಅಳೆದರೆ ಆ ತುದಿಯಿಂದ ಈ ತುದಿಗೆ ಸುಮಾರು ಐದು ಮುಷ್ಟಿ. ಮಾರ್ಚ್, ಸೆಪ್ಟೆಂಬರಿನಲ್ಲಿ ವಾರದಿಂದ ವಾರಕ್ಕೆ ಎದ್ದು ಕಾಣುವಂತೆ ಸರಿಯುತ್ತಾನೆ. ಜೂನ್, ಡಿಸೆಂಬರಿನಲ್ಲಿ ನಿಂತೇಬಿಟ್ಟನೇನೋ ಎನ್ನಿಸುತ್ತದೆ. ಉತ್ತರಾಯಣವನ್ನು ನಾವು ಸಂಕ್ರಾಂತಿಗೆ ಆಚರಿಸುತ್ತೇವೆ. ಆಕಾಶದಲ್ಲಿ ಸೂರ್ಯ ತಿರುಗುವುದು ಅದಕ್ಕೂ ಮುಂಚೆ, ಡಿಸೆಂಬರ್ 21-22ಕ್ಕೇ. ಎಳ್ಳು ಬೀರುತ್ತಾ ಇಷ್ಟು ವರ್ಷ ಕಳೆದ ನನಗೆ ಉತ್ತರಾಯಣ ಕಣ್ಣಿಗೆ ಕಂಡದ್ದು ಹೀಗೆ.

ಒಂದು ಭಾನುವಾರ

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದೊಂದು ಆಷಾಢದ ಭಾನುವಾರ. ಮೋಡ ಕವಿದಿತ್ತು. ಇನ್ನೇನು ಬಿಡುತ್ತದೆ, ಇನ್ನೇನು ಬಿಡುತ್ತದೆ ಎಂದು ಕಾದು ಕಾದು ಎಂಟು ಗಂಟೆ ಮಾಡಿದೆ. ರಾತ್ರಿ ಪಾಳಿಯ ಯಜಮಾನರು ಅಂದು ಬರುವುದು ತಡವಾಗಿತ್ತು. ಮಗಳಿಗೆ ಗಾಢ ನಿದ್ದೆ. ನಾನು ಮನೆಗೆ ಬಂದಾಗ ಅತ್ತೆ ಒದ್ದೆಯಾದ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಷ್ಟು ಸಲ ಕೂಗಿದ್ದರೋ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದೇ ಮೊಬೈಲನ್ನೂ ಅಕ್ಕಿ ಚೀಲವನ್ನೂ ಬೇಳೆ ಡಬ್ಬದ ಹಿಂದೆ ಇಟ್ಟುಬಿಟ್ಟೆ. ಆರು ಭಾನುವಾರ ಹೋಗಲಿಲ್ಲ. ಹಾಳು ಹವ್ಯಾಸ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ನನಗಿದು ಬೇಕಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ಏಳನೆಯ ಶನಿವಾರ ರಾತ್ರಿ ಅತ್ತೆಯೇ ಕೇಳಿದರು: “ಯಾಕಮ್ಮ, ಸೂರ್ಯ ಹುಟ್ಟೋದೇ ಬಿಟ್ಟನಾ?”

“ನಿಮ್ಮನ್ನು ಬಿಟ್ಟು ಹೇಗೆ ಹೋಗ್ಲಿ ಅತ್ತೆ?” ಎಂದೆ.

“ಅವತ್ತು ನಂಗೆ ಕಷ್ಟ ಆಗಿದ್ದು ನಿಜ. ಅದಕ್ಕೆ ನಾಲ್ಕು ಜನ ಕೂತು ದಾರಿ ನೋಡಬೇಕು. ನೀನು ಹೋಗದೆ ಇದ್ರೆ ನಂಗೆ ಈ ಗೋಡೆ ಒಂದೇ ಗತಿ.”

ಆ ರಾತ್ರಿ ಮನೆಯವರೆಲ್ಲ ಕೂತು ಮಾತಾಡಿದೆವು. ಶನಿವಾರ ಮಗಳು ಅಜ್ಜಿಯ ಕೋಣೆಯಲ್ಲೇ ಮಲಗುವುದು. ದಿಂಬಿನ ಪಕ್ಕ ಪೂಜೆಯ ಗಂಟೆ ಇಡುವುದು. ಬೆಳಗಿನ ಕಾಫಿ ಅವಳೇ ಮಾಡಿ ಕೊಡುವುದು. ಸೂರ್ಯ ಬರಲಿ, ಮೋಡವೇ ಇರಲಿ, ಏಳೂಕಾಲಿಗೆ ನಾನು ಮನೆಯಲ್ಲಿರುವುದು. ಇಂದಿಗೂ ಇದೇ ನಡೆಯುತ್ತಿದೆ. ನನಗೆ ಬೇಕಾಗಿದ್ದದ್ದು ಒಂದೂವರೆ ಗಂಟೆ. ಅದನ್ನು ಬಾಯಿಬಿಟ್ಟು ಕೇಳದೆ ಕದ್ದು ತೆಗೆದುಕೊಂಡದ್ದೇ ನನ್ನ ತಪ್ಪು ಎಂದು ಈಗ ಅನ್ನಿಸುತ್ತದೆ.

ಹೆಂಗಸರಿಗೆ ಕ್ಯಾಮೆರಾ ಯಾಕೆ ಎನ್ನುವವರಿಗೆ ಹೋಮಾಯ್ ವ್ಯಾರಾವಾಲಾ ಅವರನ್ನು ನೆನಪಿಸಿ. 1913ರಲ್ಲಿ ಹುಟ್ಟಿದ ಆಕೆ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆಯುಟ್ಟು, ಸೈಕಲ್ಲಿನಲ್ಲಿ ದೆಹಲಿಯೆಲ್ಲ ಓಡಾಡಿ ಸ್ವಾತಂತ್ರ್ಯ ಬಂದ ದಿನಗಳನ್ನು ಚಿತ್ರದಲ್ಲಿ ಹಿಡಿದಿಟ್ಟರು. 2011ರಲ್ಲಿ ಪದ್ಮವಿಭೂಷಣ ಬಂತು.

ಸೋದರಿಯರೇ, ನಿಮ್ಮೂರಿನಲ್ಲಿ ನನಗಿಂತ ನಿಮಗೆ ಅನುಕೂಲ ಹೆಚ್ಚು. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆಯೇ ಹೊರತು ಕಡಲಿನಿಂದ ಏಳುವುದಿಲ್ಲ. ನೀರಿನ ಮೇಲೆ ಸೂರ್ಯೋದಯ ನೋಡಬೇಕಾದರೆ ನಮಗೆ ಕೆರೆ, ಹೊಳೆ, ಅಣೆಕಟ್ಟುಗಳೇ ಆಗಬೇಕು. ಚನ್ನಗಿರಿಯವರಿಗೆ ಶಾಂತವ್ವ ಕಟ್ಟಿಸಿದಳೆನ್ನುವ ಸೂಳೆಕೆರೆ ಇದೆ, ಹಿರಿಯೂರಿನವರಿಗೆ ವಾಣಿವಿಲಾಸ ಸಾಗರವಿದೆ, ಹೊಸಪೇಟೆಯವರಿಗೆ ತುಂಗಭದ್ರೆಯೇ ಇದ್ದಾಳೆ. ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಚಿತ್ರ ತೆಗೆಯಿರಿ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ, ಜನ ಓಡಾಡುವ ದಂಡೆಯಲ್ಲೇ ನಿಲ್ಲಿ, ಪಾಚಿ ಕಟ್ಟಿದ ಮೆಟ್ಟಿಲಿಗೆ ಇಳಿಯಬೇಡಿ.

ಕಳೆದ ವರ್ಷದ ಹನ್ನೆರಡು ಚಿತ್ರಗಳನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಅತ್ತೆಯ ಹಾಸಿಗೆಯ ಎದುರು ಸಾಲಾಗಿ ಅಂಟಿಸಿದ್ದೇನೆ. “ಇನ್ನು ಮೂರು ವಾರಕ್ಕೆ ಆ ಮರ ದಾಟ್ತಾನೆ ನೋಡು” ಎಂದು ಅವರು ಮೊದಲೇ ಹೇಳುತ್ತಾರೆ. ಸರಿಯಾಗಿದೆಯೋ ಇಲ್ಲವೋ ನೋಡಿಕೊಂಡು ಬರುವುದು ನನ್ನ ಕೆಲಸ.

ಎದುರು ಮನೆಯಾಕೆಯೂ ಈಗ ಎಲ್ಲಿಗೆ ಎಂದು ಕೇಳುವುದಿಲ್ಲ. ನಾನು ಸ್ಕೂಟರ್ ನಿಲ್ಲಿಸುತ್ತಿದ್ದಂತೆ, ರಂಗೋಲಿಯಿಂದ ತಲೆಯೆತ್ತಿ, “ಸಿಕ್ಕಿದನೇನ್ರೀ ಇವತ್ತು?” ಎನ್ನುತ್ತಾರೆ.