ಆರ್ಥರ್ ರಾಜನ ವಿದ್ಯಾಭ್ಯಾಸ

ಖಡ್ಗವೂ ಮಾಯಾವಿದ್ಯೆಯೂ ತುಂಬಿರುವ ಕಥೆಗಳನ್ನು ಹೆಣ್ಣುಮಕ್ಕಳ ಕೈಗೆ ಕೊಡಬಹುದೇ ಎಂದು ತಂದೆತಾಯಿಗಳು ಸಂಶಯಪಡುವುದುಂಟು. ಸಂಶಯವು ನ್ಯಾಯವಾದುದೇ. ಆದರೂ ಇಂಥ ಗ್ರಂಥಗಳೆಲ್ಲವೂ ಒಂದೇ ತೆರನಾದುವಲ್ಲವೆಂಬುದಕ್ಕೆ ಟಿ. ಎಚ್. ವೈಟ್ ಎಂಬವರು ಬರೆದ ಆರ್ಥರ್ ರಾಜನ ಕಥೆಯನ್ನು ನಾವು ನಿದರ್ಶನವಾಗಿ ಕೊಡುತ್ತೇವೆ.

ಆರ್ಥರನು ಬ್ರಿಟನ್ ದೇಶದ ಪುರಾತನ ಐತಿಹ್ಯಗಳ ಅರಸನು. ಆ ಐತಿಹ್ಯಗಳನ್ನು ಸರ್ ಥಾಮಸ್ ಮ್ಯಾಲರಿ ಎಂಬವರು ಇಂಗ್ಲಿಷಿನಲ್ಲಿ ಒಟ್ಟುಗೂಡಿಸಿದರು. 1485ರಲ್ಲಿ ಕ್ಯಾಕ್ಸ್‌ಟನ್ನರು ಅವನ್ನು ಅಚ್ಚುಮಾಡಿದರು. ಅಲ್ಲಿ ಬಾಲಕನಾದ ಆರ್ಥರನು ಕಲ್ಲಿನಲ್ಲಿ ನೆಟ್ಟಿದ್ದ ಖಡ್ಗವನ್ನು ಎಳೆದು ಅರಸನಾಗುತ್ತಾನೆ. ಅದಕ್ಕೆ ಮುಂಚೆ ಅವನು ಏನು ಕಲಿತನೆಂಬುದು ವಿಸ್ತಾರವಾಗಿಲ್ಲ. 1906ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಕೆಲವು ಕಾಲ ಉಪಾಧ್ಯಾಯರಾಗಿದ್ದ ವೈಟರು 1938ರಲ್ಲಿ 'ದಿ ಸೋರ್ಡ್ ಇನ್ ದಿ ಸ್ಟೋನ್' ಎಂಬ ಕಾದಂಬರಿಯಿಂದ ಆ ತೆರಪನ್ನು ತುಂಬಿದರು. ತರುವಾಯ ಅದನ್ನು ತಿದ್ದಿ, 1958ರಲ್ಲಿ 'ದಿ ಒನ್ಸ್ ಅಂಡ್ ಫ್ಯೂಚರ್ ಕಿಂಗ್' ಎಂಬ ದೊಡ್ಡ ಗ್ರಂಥದ ಮೊದಲ ಭಾಗವಾಗಿ ಸೇರಿಸಿದರು.

ಅದರಲ್ಲಿ ಮರ್ಲಿನ್ ಎಂಬ ಮಾಂತ್ರಿಕನೇ ಬಾಲಕನ ಗುರು. ಅವನು ತನ್ನ ವಿದ್ಯೆಯಿಂದ ಶಿಷ್ಯನಿಗೆ ನಾನಾ ಪ್ರಾಣಿಗಳ ರೂಪವನ್ನು ಕೊಡುತ್ತಾನೆ. ಬಾಲಕನು ಮೀನಾಗಿ ಕೋಟೆಯ ಕಂದಕದಲ್ಲಿ ಈಜಿ, ಬಲವೊಂದೇ ಸತ್ಯವೆನ್ನುವ ಹಿರಿಯ ಮೀನಿನ ಬಾಯಿಂದ ತಪ್ಪಿಸಿಕೊಳ್ಳುತ್ತಾನೆ. 1958ರ ಗ್ರಂಥದಲ್ಲಿ ಅವನು ಇರುವೆಯಾಗಿ, ಅಪ್ಪಣೆಯ ಹೊರತು ಬೇರೇನನ್ನೂ ಆಲೋಚಿಸದ ಪ್ರಜೆಗಳ ನಡುವೆ ಬೇಸತ್ತು, ಬಳಿಕ ಹೆಬ್ಬಾತಾಗಿ ಹಾರಿ, ಆ ಪಕ್ಷಿಗಳಿಗೆ ಗಡಿಯೂ ಯುದ್ಧವೂ ಇಲ್ಲವೆಂಬುದನ್ನು ಅರಿಯುತ್ತಾನೆ.

ಈ ಪಾಠಗಳ ಫಲವಾಗಿಯೇ ಆರ್ಥರನು, ಬಲವುಳ್ಳವನದೇ ನ್ಯಾಯವೆಂಬ ಪದ್ಧತಿಯನ್ನು ಮುರಿದು, ಬಲವನ್ನು ದುರ್ಬಲರ ರಕ್ಷಣೆಗೆ ತಿರುಗಿಸಲು ದುಂಡುಮೇಜಿನ ವೀರರ ಕೂಟವನ್ನು ಕಟ್ಟುತ್ತಾನೆ. ಆದರೆ ಒಳ್ಳೆಯದಕ್ಕಾಗಿ ಎತ್ತಿದ ಖಡ್ಗವೂ ಕಡೆಗೆ ಮನೆಯೊಳಗಣ ಕಲಹಕ್ಕೆ ಬರುತ್ತದೆ. ಅಂತಿಮ ಯುದ್ಧದ ಹಿಂದಿನ ರಾತ್ರಿ, ವೃದ್ಧನಾದ ಅರಸನು ಟಾಮ್ ಎಂಬ ಪರಿಚಾರಕ ಬಾಲಕನನ್ನು ಕರೆದು, ಕಾದಲು ನಿಲ್ಲದೆ ಊರಿಗೆ ಹೋಗಿ ಈ ಆಶೆಯನ್ನು ಜನರಿಗೆ ತಿಳಿಸೆಂದು ಕಳುಹಿಸುತ್ತಾನೆ. ಆ ಬಾಲಕನೇ ಮುಂದೆ ಮ್ಯಾಲರಿಯಾದನೆಂಬುದು ವೈಟರ ಕಲ್ಪನೆ.

ಈ ಗ್ರಂಥದಲ್ಲಿ ಒಂದು ಕೊರತೆಯುಂಟು: ಮರ್ಲಿನನ ಪಾಠಕ್ಕೆ ಹೆಣ್ಣುಮಗಳೊಬ್ಬಳೂ ಕುಳಿತಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸದೆ ಇರಲಾರರು. ಗ್ರಂಥಕರ್ತರು ಕೊಡದ ಆ ಸ್ಥಳವನ್ನು ಓದುವವಳು ತಾನೇ ತೆಗೆದುಕೊಳ್ಳಲಿ. ಬಲವನ್ನು ಯಾವುದಕ್ಕೆ ಉಪಯೋಗಿಸಬೇಕೆಂಬ ಪ್ರಶ್ನೆ ಅವಳದೂ ಹೌದು. ಆದುದರಿಂದ ತಂದೆತಾಯಿಗಳು ಪುಸ್ತಕದ ಹೊದಿಕೆಯ ಮೇಲಣ ಖಡ್ಗವನ್ನು ಕಂಡು ಹಿಂಜರಿಯದೆ, ಮಗಳೊಡನೆ ಕುಳಿತು ಅದನ್ನು ಓದಬೇಕೆಂದು ನಾವು ಬಿನ್ನವಿಸುತ್ತೇವೆ.