ಹೆಸರಿನ ಪಟ್ಟಾ ಯಾರ ಕೈಯಲ್ಲಿದೆ?

ನಮ್ಮ ಕಡೆ ವೆಬ್‌ಸೈಟ್ ಇಟ್ಟುಕೊಂಡ ವ್ಯಾಪಾರಿಗಳನ್ನು ಒಮ್ಮೆ ಕೇಳಿ ನೋಡಿ. ಅದಕ್ಕೆ ಎಷ್ಟು ಖರ್ಚಾಯಿತು ಎಂದರೆ ಥಟ್ಟನೆ ಹೇಳುತ್ತಾರೆ. ಅದರ ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆ ಎಂದರೆ ಮುಖ ಮುಖ ನೋಡುತ್ತಾರೆ. ಹೊಲದ ಅಡಂಗಲ್‌ನಲ್ಲಿ ಒಂದಕ್ಷರ ತಪ್ಪಿದರೆ ಎಂಆರ್‌ಒ ಆಫೀಸಿಗೆ ಹತ್ತು ಸಲ ತಿರುಗುವ ಜನ ಇದೊಂದರಲ್ಲಿ ಮಾತ್ರ ಧಾರಾಳಿಗಳು.

2024ರ ದೀಪಾವಳಿಗೆ ಹದಿನೈದು ದಿನವಿದ್ದಾಗ ರಾಯದುರ್ಗದ ಜೀನ್ಸ್ ವ್ಯಾಪಾರಿಯೊಬ್ಬರ ವೆಬ್‌ಸೈಟ್ ನಿಂತುಹೋಯಿತು. ಹಬ್ಬದ ಆರ್ಡರು ಬರುವ ಹೊತ್ತು. ಅವರು ನನ್ನ ಅಕ್ಕನ ಮಗನ ಗಿರಾಕಿ. ಅವನು ಬಳ್ಳಾರಿಯಲ್ಲಿ ಕೂತು ಇಂಥ ಸೈಟುಗಳನ್ನು ನೋಡಿಕೊಳ್ಳುತ್ತಾನೆ. ಅಂದು ನಾನೂ ಅಲ್ಲೇ ಇದ್ದೆ. “ಸರ್ವರ್ ಬಾಡಿಗೆ ಕಟ್ಟೀನಲ್ಲಪ್ಪಾ, ಯಾಕ್ ನಿಲ್ಲಬೇಕದು?” ಎಂದು ಸೌಕಾರ್ರು ಫೋನಿನಲ್ಲೇ ಕೂಗಾಡಿದರು.

ಹುಡುಗ ಮೊದಲು ಸರ್ವರನ್ನೇ ನೋಡಿದ. ಅದು ಗಟ್ಟಿಯಾಗಿಯೇ ಇತ್ತು. ಅದರ ಅಂಕಿ ಹಿಡಿದು ಕರೆದರೆ ಓಗೊಡುತ್ತಿತ್ತು. ಹೆಸರು ಹಿಡಿದು ಕರೆದರೆ ಯಾವುದೋ ಜಾಹೀರಾತಿನ ಪುಟ ಬರುತ್ತಿತ್ತು. “ಮಾವಾ, ಅಂಗಡಿಗೇನೂ ಆಗಿಲ್ಲ, ಹೆಸರಿಗೆ ಆಗೇತಿ” ಎಂದ.

ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ಅಂಕಿಯಿಂದ. ಆ ಅಂಕಿ ಮನುಷ್ಯರ ಬಾಯಿಗೆ ಒಗ್ಗದು. ಹೆಸರು ಕೊಟ್ಟರೆ ಅಂಕಿ ಹೇಳುವ ಏರ್ಪಾಟನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಅದೇ ಡಿಎನ್‌ಎಸ್. ಅಲ್ಲಿ ಹೆಸರನ್ನು ಯಾರೂ ಕ್ರಯಕ್ಕೆ ಕೊಳ್ಳಲಾರರು, ಅದು ಗುತ್ತಿಗೆ ಮಾತ್ರ. ಡಾಟ್ ಕಾಮ್ ಆದರೆ ಒಂದು ವರ್ಷದಿಂದ ಹತ್ತು ವರ್ಷದವರೆಗೆ. ಸರ್ವರಿನ ಬಾಡಿಗೆ ಬೇರೆ, ಹೆಸರಿನ ಗುತ್ತಿಗೆ ಬೇರೆ. ಸೌಕಾರ್ರು ಮೊದಲನೆಯದನ್ನು ಕಟ್ಟಿದ್ದರು. ಎರಡನೆಯದೊಂದು ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ನೋಂದಣಿಯ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಮಾಲೀಕರ ಹೆಸರನ್ನು ಈಗ ಬಹಳ ಕಡೆ ಮುಚ್ಚಿಡುತ್ತಾರೆ, ಆದರೆ ಮುಗಿಯುವ ತಾರೀಖು ಕಾಣುತ್ತದೆ. ಗುತ್ತಿಗೆ ಮುಗಿದು ಹನ್ನೆರಡು ದಿನವಾಗಿತ್ತು. 2021ರಲ್ಲಿ ಸೈಟ್ ಮಾಡಿಕೊಟ್ಟ ಹುಡುಗ ಮೂರು ವರ್ಷಕ್ಕೆ ಕಟ್ಟಿ, ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ನೋಂದಣಿಯೆಲ್ಲ ಅವನ ಹೆಸರಲ್ಲೇ. “ನಾ ಪೇರು ನಾದಿ ಕಾದಾ?” ಎಂದರು ಸೌಕಾರ್ರು. ನನ್ನ ಹೆಸರು ನನ್ನದಲ್ಲವೇ ಎಂದು ಕೇಳಿದರೆ ಏನು ಹೇಳುವುದು? ಕಾಗದದ ಪ್ರಕಾರ ಅಲ್ಲ.

ಇದಕ್ಕಿಂತ ದೊಡ್ಡ ಗಂಟು ಇನ್ನೊಂದಿತ್ತು. ಗಡುವಿಗೆ ಒಂದು ತಿಂಗಳು ಮೊದಲು, ಒಂದು ವಾರ ಮೊದಲು ನೋಟೀಸು ಕಳಿಸಬೇಕೆಂಬುದು ಡಾಟ್ ಕಾಮ್ ಹೆಸರು ಮಾರುವವರಿಗೆ ಇರುವ ನಿಯಮ. ಅವು ಬಂದಿದ್ದವು ಕೂಡಾ. ಬಂದದ್ದು ಅದೇ ವೆಬ್‌ಸೈಟಿನ ಹೆಸರಿನ ಮೇಲಿದ್ದ ಇಮೇಲಿಗೆ. ಅದನ್ನು ತೆರೆಯುವವರು ಯಾರೂ ಇರಲಿಲ್ಲ. ಈಗ ಹೆಸರು ನಿಂತಿತು, ಅದರ ಜೊತೆಗೆ ಆ ಇಮೇಲೂ ನಿಂತಿತು. ಪಾಸ್‌ವರ್ಡ್ ಮರೆತಿದ್ದರೆ ಹೊಸದು ಬರುವುದೂ ಅದೇ ವಿಳಾಸಕ್ಕೆ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದಂತೆ.

ಬೆಂಗಳೂರಿನ ಹುಡುಗ ಒಳ್ಳೆಯವನು, ಫೋನ್ ಎತ್ತಿದ. ಗುರುತಿನ ಚೀಟಿ, ಹಳೇ ರಸೀದಿ ಕಳಿಸಿ, ಕಂಪನಿಯವರು ಒಪ್ಪಿ, ದುಡ್ಡು ಕಟ್ಟುವಷ್ಟರಲ್ಲಿ ಎರಡು ದಿನ ಕಳೆಯಿತು. ಅವನು ಫೋನ್ ಎತ್ತದಿದ್ದರೆ? ಡಾಟ್ ಕಾಮ್‌ನಲ್ಲಿ ಗಡುವು ಮುಗಿದ ಮೇಲೆ ಹೆಚ್ಚೆಂದರೆ 45 ದಿನ ಮಾರಿದವರ ಮರ್ಜಿ. ಅವರು ಹೆಸರನ್ನು ತೆಗೆದುಹಾಕಿದರೆ ಇನ್ನು 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲಿನ 5 ದಿನ ಯಾರೂ ಮುಟ್ಟುವಂತಿಲ್ಲ. ಅದೂ ಕಳೆದರೆ ಮೊದಲು ಬಂದವರಿಗೆ ಹೆಸರು. ಒಳ್ಳೆಯ ಹೆಸರಿಗೆ ಹೊಂಚು ಹಾಕಿ ಕೂತವರು ಬಹಳ. ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ: 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ ದುಡ್ಡು ಕಟ್ಟುವುದನ್ನು ಮರೆತು, ಹಾಟ್‌ಮೇಲ್ ತೆರೆಯಲಾರದೆ ಜನ ಒದ್ದಾಡಿದರು. ಮೈಕಲ್ ಚೇನಿ ಎಂಬ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ಕಟ್ಟಿ ಬಿಡಿಸಿದ.

ದುಡ್ಡು ಕಟ್ಟಿದ ಮೇಲೂ ಸೌಕಾರ್ರ ಕೋಪ ಇಳಿಯಲಿಲ್ಲ. ಬಳ್ಳಾರಿಯಲ್ಲಿ ಸೈಟ್ ತೆರೆಯಿತು, ಗುಂತಕಲ್ಲಿನ ಗಿರಾಕಿಗೆ ತೆರೆಯಲಿಲ್ಲ. ಇದು ಮೋಸವಲ್ಲ. ಒಮ್ಮೆ ಕೇಳಿದ ಅಂಕಿಯನ್ನು ದಾರಿಯ ಕಂಪ್ಯೂಟರುಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಡಾಟ್ ಕಾಮ್‌ನ ಕೆಲವು ದಾಖಲೆಗಳನ್ನು 48 ಗಂಟೆಯವರೆಗೂ. ಹಳೆಯ ನೆನಪು ಅಳಿದ ಮೇಲೆ ಎಲ್ಲ ಕಡೆ ಸರಿಹೋಯಿತು. ಅಷ್ಟರಲ್ಲಿ ಹೋದ ಆರ್ಡರು ಹೋದವು.

ಈಗ ನೋಂದಣಿ ಸೌಕಾರ್ರ ಹೆಸರಿಗೇ ಬಂದಿದೆ, ಇಮೇಲ್ ಬೇರೆ ಕಡೆಯದು ಕೊಟ್ಟಿದ್ದಾರೆ, ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದಾರೆ. ಅಷ್ಟಕ್ಕೇ ಬಿಡಲಿಲ್ಲ, ಅಂಗಡಿಯ ಹೆಸರು ನಮ್ಮ ಲಿಪಿಯಲ್ಲೂ ಬೇಕೆಂದರು. ಕನ್ನಡಕ್ಕೆ ಡಾಟ್ ಭಾರತ ಉಂಟು, ತೆಲುಗಿಗೆ ಕೊನೆಗೊಂದು ಪೊಲ್ಲು ಇರುವ ಡಾಟ್ ಭಾರತ್ ಉಂಟು. “ಎರಡೂ ಅಕ್ಷರ ಒಂದೇ ಥರ ಅದಾವಲ್ಲ, ಒಂದಕ್ಕೆ ಕಟ್ಟಿದರೆ ಸಾಲದೇನಪ್ಪಾ?” ಎಂದು ಕೇಳಿದರು. ನಮ್ಮ ಕಣ್ಣಿಗೆ ಅಕ್ಕತಂಗಿಯರಂತೆ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ ಅಂಕಿ. ಹೆಸರೂ ಎರಡು, ಗುತ್ತಿಗೆಯೂ ಎರಡು, ಗಡುವೂ ಎರಡು. ಎರಡೂ ತಾರೀಖನ್ನು ಗೋಡೆಯ ತೆಲುಗು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆಸಿದ್ದಾರೆ.