ಕರಾವಳಿಯ ಹಿತ್ತಿಲಲ್ಲಿ ದೊಡ್ಡ ಮೊಲ

ಸಾಕು ಮೊಲ ಬೆವರುವ ಪ್ರಾಣಿಯಲ್ಲ. ಮೈಯ ಬಿಸಿಯನ್ನು ಅದು ಹೊರಹಾಕುವುದು ಮುಖ್ಯವಾಗಿ ಕಿವಿಗಳಿಂದ. ಅಲ್ಲಿನ ತೆಳು ಚರ್ಮದಡಿ ಹರಡಿರುವ ರಕ್ತನಾಳಗಳು ಸೆಕೆಯಲ್ಲಿ ಹಿಗ್ಗಿ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಉಳಿದದ್ದು ಉಸಿರಿನ ಮೂಲಕ ಹೋಗಬೇಕು. 15ರಿಂದ 25 ಡಿಗ್ರಿ ಸೆಲ್ಸಿಯಸ್ ಒಳಗಿನ ಹವೆ ಅದಕ್ಕೆ ಹಿತ. 30 ದಾಟಿದರೆ ಮೇವು ತಿನ್ನುವುದು ಕಡಿಮೆಯಾಗುತ್ತದೆ, 35ರ ಆಚೆಗೆ ಜೀವಕ್ಕೇ ಅಪಾಯ. ಮಂಗಳೂರಿನಲ್ಲಿ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಉಷ್ಣಾಂಶ 33–34ರ ಆಸುಪಾಸಿನಲ್ಲಿರುತ್ತದೆ. ಕಡಲ ತೇವದಿಂದಾಗಿ ರಾತ್ರಿಯೂ ಸೆಕೆ ಅಷ್ಟಾಗಿ ಇಳಿಯುವುದಿಲ್ಲ. ಬಜಾಲ್, ಕುಲಶೇಖರ, ವಾಮಂಜೂರು ಕಡೆಯ ಐದು–ಹತ್ತು ಸೆಂಟ್ಸ್ ಹಿತ್ತಿಲಲ್ಲಿ ಮೊಲ ಸಾಕಲು ಹೊರಟವರು ಮೇವು, ಜಾಗಗಳಿಗಿಂತ ಮೊದಲು ಈ ಸೆಕೆಗೆ ದಾರಿ ಹುಡುಕಬೇಕು. ಮೊಲ ದೊಡ್ಡದಾದಷ್ಟೂ ತೊಂದರೆ ಹೆಚ್ಚು, ಏಕೆಂದರೆ ಮೈತೂಕ ಏರಿದ ಪ್ರಮಾಣದಲ್ಲಿ ಚರ್ಮದ ಹರವು ಏರುವುದಿಲ್ಲ. ಒಳಗೆ ಹುಟ್ಟುವ ಬಿಸಿ ಜಾಸ್ತಿ, ಅದು ಹೊರಹೋಗುವ ದಾರಿ ಕಡಿಮೆ.

ತುಳುವರು ಮುಯೆರ್ ಎಂದು ಕರೆಯುವ, ಗುಡ್ಡದ ಮುಳಿಹುಲ್ಲಿನ ನಡುವೆ ನೆಗೆದು ಓಡುವ ಕಾಡುಮೊಲಕ್ಕೂ ಗೂಡಿನ ಮೊಲಕ್ಕೂ ನೋಟದಲ್ಲಿ ಹೋಲಿಕೆಯಿದ್ದರೂ ಅವೆರಡೂ ಬೇರೆ ಬೇರೆ ಕುಲದವು. ಕಾಡುಮೊಲ ಬಿಲ ತೋಡುವುದಿಲ್ಲ, ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ಸಾಕು ಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಭಾಗದ ಬಿಲವಾಸಿಗಳು. ಅದರ ಮರಿ ಬೋಳು ಮೈ, ಮುಚ್ಚಿದ ಕಣ್ಣುಗಳೊಂದಿಗೆ ಹುಟ್ಟುತ್ತದೆ. ಇವೆರಡರ ನಡುವೆ ಸಂತಾನವಾಗುವುದಿಲ್ಲ. ಕಾಡುಮೊಲವನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ದೊಡ್ಡ ತಳಿಗಳಲ್ಲಿ ಹೆಚ್ಚು ಹೆಸರಾದದ್ದು ಫ್ಲೆಮಿಶ್ ಜಯಂಟ್. ಬೆಲ್ಜಿಯಂನ ಘೆಂಟ್ ಸುತ್ತಮುತ್ತ ರೂಪುಗೊಂಡ ಈ ಮೊಲ ಆರೇಳು ಕಿಲೋ ಸಲೀಸಾಗಿ ತೂಗುತ್ತದೆ. ಇದೇ ಬಳಗದ ಕಾಂಟಿನೆಂಟಲ್ ಜಯಂಟ್ ತಳಿಗೆ ಸೇರಿದ ಇಂಗ್ಲೆಂಡಿನ ಡೇರಿಯಸ್ ಎಂಬ ಮೊಲ 129 ಸೆಂಟಿಮೀಟರ್ ಉದ್ದವಿದ್ದು 2010ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಭಾರತದಲ್ಲಿ ಮಾಂಸಕ್ಕಾಗಿ ಸಾಕುವುದು ಹೆಚ್ಚಾಗಿ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ವೈಟ್ ಜಯಂಟ್, ಗ್ರೇ ಜಯಂಟ್ ತಳಿಗಳನ್ನು. ಬೆಳೆದಾಗ ಇವು ನಾಲ್ಕರಿಂದ ಐದು ಕಿಲೋ ತೂಗುತ್ತವೆ. ಮಂಗಳೂರಿನ ಹಿತ್ತಿಲಿಗೆ ಈ ಗಾತ್ರವೇ ಸರಿ. ಅತಿ ದೊಡ್ಡ ತಳಿಗಳು ಮೊದಲು ಎಲುಬು ಬೆಳೆಸುತ್ತವೆ, ಆಮೇಲಷ್ಟೇ ಮಾಂಸ. ಮರಿ ಹಾಕಲು ತಯಾರಾಗುವುದಕ್ಕೆ ಎಂಟೊಂಬತ್ತು ತಿಂಗಳು ಬೇಕು. ನ್ಯೂಜಿಲೆಂಡ್ ವೈಟ್‌ಗೆ ಐದಾರು ತಿಂಗಳು ಸಾಕು. ಅತಿ ದೊಡ್ಡ ತಳಿಗಳು ಅಷ್ಟು ದಿನ ತಿಂದದ್ದೆಲ್ಲ ಸಾಕಿದವರ ಖರ್ಚು, ಮೇಲಿಂದ ಏಪ್ರಿಲ್‌ನಲ್ಲಿ ಮೊದಲು ಸೋಲುವುದೂ ಅವೇ. ಆರು ಕಿಲೋದ ಮೊಲವನ್ನು ಅಪ್ಪಿಕೊಂಡು ನಿಲ್ಲುವ ಸಂತೋಷಕ್ಕಾಗಿ ಒಂದನ್ನು ಸಾಕಬಹುದು. ಅದನ್ನೇ ಸಂಸಾರದ ತಳಪಾಯ ಮಾಡಿಕೊಳ್ಳುವುದು ಇಲ್ಲಿ ನಡೆಯುವ ಮಾತಲ್ಲ.

ಒಳ್ಳೆಯ ಮರಿ ಎಲ್ಲಿಂದ ತರುವುದೆಂಬುದೂ ಸೆಕೆಗೇ ಬಂದು ನಿಲ್ಲುತ್ತದೆ. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಗೆ ದಕ್ಷಿಣದಲ್ಲಿರುವ ಕೇಂದ್ರ ತಮಿಳುನಾಡಿನ ಕೊಡೈಕನಾಲ್ ಬಳಿಯ ಮನ್ನವನೂರು. ವೈಟ್ ಜಯಂಟ್, ಸೋವಿಯತ್ ಚಿಂಚಿಲ್ಲಾ ತಳಿಗಳನ್ನು ಅಲ್ಲಿ ಕಾಪಾಡಿಕೊಂಡು ಬರಲಾಗಿದೆ. ಆದರೆ ಅದು ಸುಮಾರು 2,000 ಮೀಟರ್ ಎತ್ತರದ ತಂಪು ಬೆಟ್ಟ. ಅಂಥ ಕಡೆ ಹುಟ್ಟಿದ ಮೊಲವನ್ನು ಮಾರ್ಚ್‌ನಲ್ಲಿ ಕಡಲ ತಡಿಗೆ ಇಳಿಸಿದರೆ ಹೊಂದಿಕೊಳ್ಳಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ, ಎರಡು–ಮೂರು ತಿಂಗಳ ಪ್ರಾಯದ ಮರಿಗಳನ್ನು ತರುವುದು ಕ್ಷೇಮ. ಕರಾವಳಿಯಲ್ಲೇ ಎರಡು–ಮೂರು ತಲೆಮಾರು ಕಂಡ ಮೊಲಗಳ ಮರಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಒಂದು ಗಂಡು, ಮೂರು ಹೆಣ್ಣು ಆರಂಭಕ್ಕೆ ಸಾಕು. ಗಂಡನ್ನು ಬೇರೆ ಮೂಲದಿಂದ ತರಬೇಕು. ಒಂದೇ ಬಸಿರಿನ ಮರಿಗಳನ್ನು ಕೂಡಿಸುತ್ತ ಹೋದರೆ ಕೆಲವೇ ತಲೆಮಾರಿನಲ್ಲಿ ಮರಿಗಳ ಸಂಖ್ಯೆ, ತೂಕ, ಬಾಳುವ ಶಕ್ತಿ ಎಲ್ಲವೂ ಕುಸಿಯುತ್ತವೆ.

ಮೊಲದ ಮನೆಗೆ ಬೇಕಾದ ಉತ್ತಮ ಮಾಡು ಮಂಗಳೂರಿನಲ್ಲೇ ಹುಟ್ಟಿದ್ದು. 1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಕಾರ್ಖಾನೆ ತೆರೆದ ಮೇಲೆ ದೇಶದೆಲ್ಲೆಡೆ ಹೋದ ಮಂಗಳೂರು ಹಂಚು, ತಗಡಿನ ಶೀಟಿಗಿಂತ ಎಷ್ಟೋ ತಂಪು. ಹಂಚುಗಳ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಹಳೆ ಮನೆ ಕೆಡವುವಲ್ಲಿ ಸಿಗುವ ಹಂಚೇ ಸಾಕು. ಕೊಟ್ಟಿಗೆಯ ಉದ್ದ ಪೂರ್ವ–ಪಶ್ಚಿಮಕ್ಕೆ ಇದ್ದರೆ ಬೆಳಗಿನ, ಸಂಜೆಯ ಬಿಸಿಲು ಗೂಡಿನೊಳಗೆ ನುಗ್ಗುವುದಿಲ್ಲ. ಗೋಡೆ ಬೇಕಿಲ್ಲ, ತಂತಿಬಲೆ ಸಾಕು. ಆದರೆ ಮಳೆಗಾಲದಲ್ಲಿ ಪಡುವಣದಿಂದ ಬರುವ ಗಾಳಿ ಎರಚಲನ್ನು ಒಳಗೇ ತಂದು ಸುರಿಯುತ್ತದೆ, ಹಾಗಾಗಿ ಆ ಬದಿಗೆ ಹೆಣೆದ ಮಡಲಿನ ತಟ್ಟಿ ಕಟ್ಟಿ, ಮಾಡನ್ನು ಎರಡು–ಮೂರು ಅಡಿ ಮುಂದಕ್ಕೆ ಇಳಿಸಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಒದ್ದೆ ಗೂಡೆಂದರೆ ಕಾಯಿಲೆಯ ತವರು.

ದೊಡ್ಡ ತಳಿಯ ಒಂದೊಂದು ಮೊಲಕ್ಕೂ ಕನಿಷ್ಠ ಮೂರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರದ ಗೂಡು ಬೇಕು. ನೆಲದಿಂದ ಮೂರಡಿ ಮೇಲಿದ್ದರೆ ಕೆಳಗೆ ಬಿದ್ದ ಹಿಕ್ಕೆ ಗುಡಿಸುವುದು ಸುಲಭ, ಮೂತ್ರದ ಘಾಟು ಮೊಲದ ಮೂಗಿಗೆ ತಟ್ಟುವುದೂ ಕಡಿಮೆ. ಗೂಡಿನ ಅಡಿಗೆ ಬಳಸುವ ಬೆಸುಗೆ ತಂತಿಬಲೆ ಸ್ವಚ್ಛತೆಗೆ ಒಳ್ಳೆಯದು, ಪಾದಕ್ಕೆ ಕೆಟ್ಟದ್ದು. ಮೊಲದ ಅಂಗಾಲಿನಲ್ಲಿ ನಾಯಿ, ಬೆಕ್ಕಿನಂತೆ ಮೆತ್ತೆಯಿಲ್ಲ, ಕೂದಲಷ್ಟೇ ಇದೆ. ಐದು ಕಿಲೋ ಭಾರ ಸದಾ ತಂತಿಯ ಮೇಲಿದ್ದರೆ ಹಿಂಗಾಲಿನ ಕೂದಲು ಸವೆದು, ಚರ್ಮ ಕೆಂಪಾಗಿ, ಹುಣ್ಣಾಗುತ್ತದೆ. ಇದಕ್ಕೆ ಮದ್ದು ಹಿತ್ತಿಲಲ್ಲೇ ಬೀಳುತ್ತದೆ: ಅಡಿಕೆ ಹಾಳೆ. ಒಂದು ಹಾಳೆಯನ್ನು ಚಪ್ಪಟೆಯಾಗಿ ಒಣಗಿಸಿ ಗೂಡಿನ ಅರ್ಧಕ್ಕೆ ಹಾಸಿದರೆ ಮೊಲ ಅದರ ಮೇಲೆಯೇ ಮಲಗುತ್ತದೆ, ಅಂಚನ್ನು ಕಡಿಯುತ್ತದೆ. ಕಡಿಯಲಿ, ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಿರುತ್ತದೆ, ಅದು ಸವೆಯಲೇಬೇಕು. ಹಾಳೆ ಒದ್ದೆಯಾದರೆ ಗೊಬ್ಬರದ ಗುಂಡಿಗೆ ಹಾಕಿ ಹೊಸದನ್ನು ಹಾಸಿದರಾಯಿತು.

ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಗೂಡಿನ ಮುಂದೆ ನಿಂತರೆ ಕಷ್ಟ ಕಣ್ಣಿಗೆ ಕಾಣುತ್ತದೆ. ಮೊಲ ಹೊಟ್ಟೆಯನ್ನು ಅಡಿಗೆ ಒತ್ತಿ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕಿವಿ ಬೆನ್ನಿಗೆ ಅಂಟದೆ ಬೇರೆಯಾಗಿ ಹರಡಿ, ಒಳಗಿನ ನಾಳಗಳು ಕೆಂಪು ಗೆರೆಗಳಂತೆ ಎದ್ದಿರುತ್ತವೆ. ಮೂಗಿನ ಹೊಳ್ಳೆ ಎಣಿಸಲಾಗದಷ್ಟು ವೇಗವಾಗಿ ಮಿಡಿಯುತ್ತಿರುತ್ತದೆ. ಈ ಹಂತದಲ್ಲಿ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಗೋಣಿಯಲ್ಲಿ ಸುತ್ತಿ ಪಕ್ಕದಲ್ಲಿಡಬೇಕು; ಮೊಲ ತಾನೇ ಬಂದು ಒರಗುತ್ತದೆ. ಕಿವಿಗೆ ಒದ್ದೆ ಬಟ್ಟೆ ಸವರಬಹುದು. ಬಾಯಿ ತೆರೆದು ಏದುಸಿರು ಬಿಡತೊಡಗಿದರೆ, ಮೂಗು–ಬಾಯಿ ಒದ್ದೆಯಾದರೆ ತಡಮಾಡಬಾರದು. ಐಸ್ ನೀರಿನಲ್ಲಿ ಮುಳುಗಿಸುವುದು ಮಾತ್ರ ತಪ್ಪು, ಆ ಆಘಾತದಲ್ಲೇ ಜೀವ ಹೋಗಬಹುದು.

ಮೇವಿಗೆ ಈ ಊರಿನಲ್ಲಿ ಬರವಿಲ್ಲ. ಹಲಸಿನ ಎಲೆ, ದಾಸವಾಳದ ಸೊಪ್ಪು, ನುಗ್ಗೆ, ಹಾಲುವಾಣ, ಬಾಳೆ ಎಲೆ, ಗಿನಿ ಹುಲ್ಲು, ನೇಪಿಯರ್ ಹುಲ್ಲು ಎಲ್ಲವನ್ನೂ ಮೊಲ ತಿನ್ನುತ್ತದೆ. ಮಳೆಗಾಲದಲ್ಲಿ ಕೊಯ್ದ ಹುಲ್ಲನ್ನು ನೀರಿಳಿಯುವ ಹಾಗೆ ಒಂದು ಹೊತ್ತು ಹರಡಿ, ಬಾಡಿಸಿಯೇ ಹಾಕಬೇಕು. ಒದ್ದೆ ಹುಲ್ಲಿನಿಂದ ಹೊಟ್ಟೆಯುಬ್ಬರ, ಭೇದಿ ಬರುತ್ತದೆ. ವಾಂತಿ ಮಾಡುವ ಶಕ್ತಿ ಮೊಲಕ್ಕಿಲ್ಲದ ಕಾರಣ ಒಳಗೆ ಹೋದ ತಪ್ಪು ಮೇವು ಹಿಂದೆ ಬರುವುದಿಲ್ಲ. ಮರಗೆಣಸಿನ ಎಲೆ, ಕೆಸು, ಲಂಟಾನ ಕೊಡಲೇಬಾರದು. ಸೊಪ್ಪಿನ ಜೊತೆಗೆ ಬೆಳೆದ ಮೊಲಕ್ಕೆ ದಿನಕ್ಕೆ 100ರಿಂದ 150 ಗ್ರಾಂ ಪೆಲೆಟ್ ಅಥವಾ ಮನೆಯಲ್ಲೇ ಬೆರೆಸಿದ ಹಿಂಡಿ ಸಾಕು. ಹಾಲೂಡುವ ತಾಯಿಗೆ ತಿಂದಷ್ಟು. ಹಿಂಡಿಯ ವಿಷಯದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಹಳ ಎಚ್ಚರ ಬೇಕು. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ವಿಷವನ್ನು ಮೊಲದ ಯಕೃತ್ತು ತಡೆದುಕೊಳ್ಳುವುದಿಲ್ಲ. ಆ ತಿಂಗಳುಗಳಲ್ಲಿ ವಾರಕ್ಕಾಗುವಷ್ಟೇ ತಂದು ಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.

ಮೊಲ ತನ್ನ ಹಿಕ್ಕೆಯನ್ನೇ ತಿನ್ನುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಅದು ಕಾಯಿಲೆಯಲ್ಲ. ಕರುಳಿನಲ್ಲಿ ಹುದುಗಿ ಬಂದ ಮೆತ್ತನೆಯ ಹಿಕ್ಕೆಯನ್ನು ಅದು ನೇರವಾಗಿ ಬಾಯಿಗೆ ತೆಗೆದುಕೊಂಡು ಎರಡನೆಯ ಸಲ ಜೀರ್ಣಿಸುತ್ತದೆ; ಬಿ ಜೀವಸತ್ವಗಳೂ ಪ್ರೋಟೀನೂ ಹೀಗೆ ಸಿಗುತ್ತವೆ. ದನ ಮೆಲುಕು ಹಾಕಿದಂತೆಯೇ ಇದು.

ಹೆಣ್ಣು ಮೊಲಕ್ಕೆ ದನ, ಆಡುಗಳಂತೆ ನಿಗದಿತ ದಿನಗಳಿಗೊಮ್ಮೆ ಬರುವ ಬೆದೆ ಇಲ್ಲ. ಗಂಡಿನೊಡನೆ ಕೂಡಿದ ಸುಮಾರು ಹತ್ತು ತಾಸಿನ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ತನ್ನ ಗೂಡಿಗೆ ಬಂದ ಗಂಡನ್ನು ಅದು ಕಚ್ಚಿ ಗಾಯ ಮಾಡುತ್ತದೆ. ಕೂಡುವಿಕೆ ಕ್ಷಣದಲ್ಲಿ ಮುಗಿದು, ಗಂಡು ಸಣ್ಣಗೆ ಕೂಗಿ ಬದಿಗೆ ಉರುಳುತ್ತದೆ. ಬಸಿರು ನಿಂತಿತೋ ಇಲ್ಲವೋ ಎಂದು 12ರಿಂದ 14ನೇ ದಿನದೊಳಗೆ ಕೈಯಿಂದ ತಿಳಿಯಬಹುದು. ಒಂದು ಕೈಯಲ್ಲಿ ಹೆಗಲಿನ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಕೆಳಹೊಟ್ಟೆಯನ್ನು ಹಗುರಾಗಿ ಸವರಿದರೆ ಗೋಲಿಗಳಂತೆ ಜಾರುವ ಮೃದು ಉಂಡೆಗಳು ತಾಗುತ್ತವೆ. ಗಟ್ಟಿಯಾಗಿ, ಕಡಲೆಕಾಳಿನಷ್ಟೇ ಇದ್ದರೆ ಅವು ಹಿಕ್ಕೆ. ಈ ಕೈಗುಣ ಅಭ್ಯಾಸದಿಂದ ಬರಬೇಕು, ಒತ್ತಿದರೆ ಬಸಿರು ಕಳೆಯುತ್ತದೆ.

ಕರಾವಳಿಯಲ್ಲಿ ಹಲವರನ್ನು ಕಂಗೆಡಿಸುವ ವಿಷಯ ಇನ್ನೊಂದಿದೆ. ಜೂನ್‌ನಲ್ಲಿ ಮಳೆ ಹಿಡಿದು ಹವೆ ತಂಪಾದರೂ ಹೆಣ್ಣುಗಳಲ್ಲಿ ಬಸಿರು ನಿಲ್ಲುವುದಿಲ್ಲ. ತಪ್ಪು ಹೆಣ್ಣಿನದ್ದೆಂದು ಅವುಗಳನ್ನು ಮಾರಿಬಿಡುವವರಿದ್ದಾರೆ. ಕಾರಣ ಹೆಚ್ಚಿನ ಸಲ ಗಂಡಿನಲ್ಲಿರುತ್ತದೆ. ವೀರ್ಯಾಣು ರೂಪುಗೊಳ್ಳಲು ಸುಮಾರು ಏಳು ವಾರ ಬೇಕು. ಮೇ ತಿಂಗಳ ಬೇಗೆಯಲ್ಲಿ ಕೆಟ್ಟದ್ದು ಜುಲೈ ತನಕವೂ ಕಾಡುತ್ತದೆ. ಹಾಗಾಗಿ ಬೇಸಗೆಯಲ್ಲಿ ಅತ್ಯಂತ ತಂಪಾದ ಗೂಡು ಗಂಡಿಗೆ ಸಲ್ಲಬೇಕು. ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಕೂಡಿಸಿ, ಏಪ್ರಿಲ್–ಮೇಯಲ್ಲಿ ತಾಯಂದಿರಿಗೆ ಬಿಡುವು ಕೊಡುವುದು ಈ ಹವೆಗೆ ಹೊಂದುವ ಕ್ರಮ.

ಬಸಿರು 31 ದಿನ. 27ನೇ ದಿನ ಗೂಡಿನೊಳಗೆ ಮರದ ಪೆಟ್ಟಿಗೆಯಿಟ್ಟು ಒಣ ಬೈಹುಲ್ಲು ಹಾಕಿದರೆ ತಾಯಿ ಎದೆಯ ಕೂದಲು ಕಿತ್ತು ಹಾಸುತ್ತದೆ. ತೆಂಗಿನ ನಾರಿನ ಉದ್ದ ಎಳೆಗಳು ಮರಿಗಳ ಕಾಲಿಗೆ ಸುತ್ತಿಕೊಳ್ಳುವುದರಿಂದ ಅದು ಬೇಡ. ಒಂದು ಸೂಲಿಗೆ ಆರರಿಂದ ಎಂಟು ಮರಿ, ಒಂದೊಂದೂ 50–60 ಗ್ರಾಂ. ತಾಯಿ ದಿನಕ್ಕೊಮ್ಮೆ ಮಾತ್ರ, ಮೂರರಿಂದ ಐದು ನಿಮಿಷ ಹಾಲೂಡಿಸಿ ದೂರ ಹೋಗಿ ಕೂರುತ್ತದೆ. ಬಿಲದ ಬಳಿ ಸುಳಿದಾಡಿ ಬೇಟೆಗಾರ ಪ್ರಾಣಿಗೆ ಸುಳಿವು ಕೊಡಬಾರದೆಂಬ ಹಳೆಯ ಸ್ವಭಾವವಿದು. ಮರಿಗಳನ್ನು ಕೈಬಿಟ್ಟಿತೆಂದು ತಿಳಿಯಬಾರದು. ಬೆಳಿಗ್ಗೆ ಪೆಟ್ಟಿಗೆಗೆ ಕೈಹಾಕಿ ನೋಡಿದರೆ ಉತ್ತರ ಸಿಗುತ್ತದೆ: ಹಾಲು ಕುಡಿದ ಮರಿಯ ಹೊಟ್ಟೆ ಬಿಗಿದು ದುಂಡಗಿರುತ್ತದೆ, ತೆಳು ಚರ್ಮದೊಳಗೆ ಹಾಲಿನ ಬಿಳುಪು ಕಾಣುತ್ತದೆ. ಸುಕ್ಕುಗಟ್ಟಿ ಚಡಪಡಿಸುವ ಮರಿಯನ್ನು ಅದೇ ಪ್ರಾಯದ ಮರಿಗಳಿರುವ ಇನ್ನೊಂದು ತಾಯಿಗೆ ಸೇರಿಸಬಹುದು. ಹೀಗಾಗಿಯೇ ಎರಡು ಹೆಣ್ಣುಗಳನ್ನು ಒಂದೇ ದಿನ ಕೂಡಿಸುವುದು ಜಾಣತನ.

ಇಲ್ಲಿ ಎಳೆಮರಿಗಳ ಮೊದಲ ಶತ್ರು ಇರುವೆ. ಒಂದು ರಾತ್ರಿಯಲ್ಲಿ ಇಡೀ ಪೆಟ್ಟಿಗೆ ಹೋಗಬಹುದು. ಗೂಡಿನ ಕಾಲುಗಳನ್ನು ನೀರು ತುಂಬಿದ ಗೆರಟೆಗಳಲ್ಲಿ ನಿಲ್ಲಿಸುವುದು ಇದಕ್ಕೆ ಸುಲಭದ ಉಪಾಯ. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ಆಗಾಗ ಬದಲಿಸಬೇಕು. ಹೆಗ್ಗಣ, ಬೆಕ್ಕು, ಹೆಬ್ಬಾವುಗಳಿಗೆ ಸಣ್ಣ ಕಣ್ಣಿನ ಬಲೆಯೇ ಅಡ್ಡಿ. 10–12 ದಿನಕ್ಕೆ ಮರಿಗಳ ಕಣ್ಣು ತೆರೆಯುತ್ತದೆ, ಮೂರು ವಾರಕ್ಕೆ ಪೆಟ್ಟಿಗೆಯಿಂದ ಹೊರಬಂದು ಸೊಪ್ಪು ಕಡಿಯತೊಡಗುತ್ತವೆ, ಐದಾರು ವಾರಕ್ಕೆ ತಾಯಿಯಿಂದ ಬೇರ್ಪಡಿಸಬಹುದು. ಮೂರು ತಿಂಗಳಾಗುವ ಮೊದಲು ಗಂಡು–ಹೆಣ್ಣುಗಳನ್ನು ಬೇರೆ ಮಾಡಬೇಕು.

ತಾಯಿಯಿಂದ ಬಿಡಿಸಿದ ಮರಿಗಳನ್ನು ಮಳೆಗಾಲದಲ್ಲಿ ಹೆಚ್ಚು ಕೊಲ್ಲುವುದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಬೇನೆ. ಹಿಕ್ಕೆ ಮೆತ್ತಿದ ಮೇವಿನಿಂದ ಹರಡುವುದರಿಂದ ಮೇವನ್ನು ಅಡಿಗೆ ಚೆಲ್ಲದೆ ಎತ್ತರದಲ್ಲಿ ಕಟ್ಟುವುದೇ ಅರ್ಧ ಔಷಧ. ಕಿವಿಯೊಳಗೆ ಕಂದು ಹೊಪ್ಪಳೆ ಕಂಡು, ಮೊಲ ತಲೆ ಕೊಡವುತ್ತಿದ್ದರೆ ಅದು ಕಜ್ಜಿಹುಳು. ಪಶುವೈದ್ಯರ ಐವರ್ಮೆಕ್ಟಿನ್‌ಗೆ ಇಳಿಯುತ್ತದೆ. ಸೀನು, ಮೂಗು ಸೋರುವಿಕೆ ಇದ್ದ ಮೊಲವನ್ನು ತಕ್ಷಣ ಬೇರ್ಪಡಿಸಬೇಕು. ಮನೆಯಲ್ಲಿದ್ದ ಅಮಾಕ್ಸಿಸಿಲಿನ್ ಮಾತ್ರೆ ತಿನ್ನಿಸುವ ಸಾಹಸ ಮಾತ್ರ ಬೇಡ, ಅದು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲವನ್ನೇ ಕೊಲ್ಲುತ್ತದೆ.

ನ್ಯೂಜಿಲೆಂಡ್ ವೈಟ್ ಮರಿಗಳು ಚೆನ್ನಾಗಿ ಸಾಕಿದರೆ ಮೂರು ತಿಂಗಳಿಗೆ ಎರಡು ಕಿಲೋ ಆಸುಪಾಸು ಬರುತ್ತವೆ. ಅದರಲ್ಲಿ ಅರ್ಧದಷ್ಟು, ಕೊಬ್ಬು ಕಡಿಮೆಯಿರುವ ಬಿಳಿ ಮಾಂಸ. ಆದರೆ ಕೋಳಿಗಿರುವಂಥ ನಿತ್ಯದ ಮಾರುಕಟ್ಟೆ ಮೊಲಕ್ಕಿಲ್ಲ. ಮರಿಗಳನ್ನೆಲ್ಲ ತಾವೇ ಮರಳಿ ಕೊಳ್ಳುತ್ತೇವೆಂದು ದುಬಾರಿ ಬೆಲೆಗೆ ಜೋಡಿ ಮಾರಿ, ಆಮೇಲೆ ಫೋನ್ ಎತ್ತದವರಿಂದ ದೇಶದ ಅನೇಕ ಕಡೆ ಸಣ್ಣ ಸಾಕಣೆಗಾರರು ಸಾಲಕ್ಕೆ ಬಿದ್ದಿದ್ದಾರೆ. ಕೊಳ್ಳುವ ಮನೆ, ಹೋಟೆಲುಗಳನ್ನು ಮೊದಲು ಕಂಡುಕೊಂಡು ಆಮೇಲೆ ಗೂಡು ಹೆಚ್ಚಿಸಬೇಕು. ಕೊಯ್ದು ಮಾರುವುದಾದರೆ ಪಾಲಿಕೆಯ ಹಾಗೂ ಆಹಾರ ಸುರಕ್ಷತೆಯ ಪರವಾನಗಿಯ ನಿಯಮ ವಿಚಾರಿಸಿಕೊಳ್ಳಬೇಕು.

ಕೊಳ್ಳುವವರು ಬರಲಿ ಬಿಡಲಿ, ಹಿಕ್ಕೆ ಮಾತ್ರ ದಿನವೂ ಸಿಗುತ್ತದೆ. ಸಾರಜನಕ ಹೆಚ್ಚಿರುವ, ಒಣ ಗುಳಿಗೆಯಂಥ ಈ ಗೊಬ್ಬರ ಗಿಡಗಳ ಬೇರು ಸುಡುವುದಿಲ್ಲ. ಕಳಿಯುವ ತನಕ ಕಾಯಬೇಕಿಲ್ಲ. ಟೆರೇಸಿನಲ್ಲಿ ಕುಂಡಗಳಲ್ಲಿ ಮಲ್ಲಿಗೆ ಬೆಳೆಸುವ ಮನೆಗಳಲ್ಲಿ ಗಿಡದ ಬುಡಕ್ಕೆ ಒಂದು ಹಿಡಿ ಹಾಕಿ ಮಣ್ಣು ಮುಚ್ಚಿದರೆ ಸಾಕು.